ಗಂಟೆ ಬಾರಿಸಿದ ಮೇಲೆ ಉಳಿದ ನುಡಿ

ಕಳೆದ ಡಿಸೆಂಬರಿನಲ್ಲಿ ಪುಣೆಯ ವಾಕಡದಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಅಲ್ಲೇ ಹತ್ತಿರದಲ್ಲಿ ಕ್ರೈಸ್ತ ಕಲೆ ಮತ್ತು ಸಂಗೀತದ ಉತ್ಸವವಿದೆ, ನಡೆ ಎಂದು ಒಂದೇ ಸಮನೆ ಗಂಟುಬಿದ್ದಳು. ನಾನು ಬರುವುದಿಲ್ಲ ಎಂದೆ. "ಮಮ್ಮಿ, ಹಾಡು ಕೇಳಾಕೂ ನಿನಗ ಸಿಟ್ಟೇನು?" ಎಂದು ನಕ್ಕಳು. ಹೌದು, ಸಿಟ್ಟೇ. ಆದರೆ ಅದರ ಕತೆಯನ್ನು ಅವಳಿಗೆ ಎಂದೂ ಹೇಳಿರಲಿಲ್ಲವಾದ್ದರಿಂದ ತೆಪ್ಪಗೆ ಸೀರೆ ಬದಲಿಸಿಕೊಂಡು ಹೊರಟೆ.

ದೊಡ್ಡ ಸಭಾಂಗಣ, ಮೆತ್ತನೆಯ ಕುರ್ಚಿ, ಮೈ ನಡುಗುವಷ್ಟು ಏಸಿ. ಒಂದರ ಹಿಂದೆ ಒಂದು ತಂಡ ಬಂದು ಹಾಡುತ್ತಿತ್ತು. ನಡುವೆ ಯಾವುದೋ ತಂಡ ಸಮಯ ಮೀರಿತು ಅಂತ ಕಾಣುತ್ತದೆ, ತೀರ್ಪುಗಾರರ ಮೇಜಿನಿಂದ ಗಂಟೆಯ ಸದ್ದು ಬಂತು. ನಾನು ಯಾವಾಗ ಎದ್ದು ನಿಂತೆನೋ ನನಗೇ ಗೊತ್ತಿಲ್ಲ. ಕಣ್ಣು ಮುಚ್ಚಿತ್ತು, ಕೈ ಜೋಡಿಸಿದ್ದೆ, ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಎಂಬ ಕರ್ತನ ಪ್ರಾರ್ಥನೆಯ ಮೊದಲ ಮಾತು ತುಟಿಯ ಮೇಲಿತ್ತು. ಮಗಳು ಸೆರಗು ಹಿಡಿದು ಜಗ್ಗಿದಳು. "ಮಮ್ಮಿ, ಕೂಡು! ಏನಾತು ನಿನಗ?" ಹಿಂದಿನ ಸಾಲಿನ ಹುಡುಗಿಯರು ಕಿಸಕ್ಕನೆ ನಕ್ಕರು. ಕೂತೆ. ಆಮೇಲೆ ಯಾರು ಏನು ಹಾಡಿದರೋ ಒಂದೂ ಕಿವಿಗೆ ಬೀಳಲಿಲ್ಲ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾವು ಗುಲ್ಟೇಕಡಿಯಲ್ಲಿ, ಮಾರ್ಕೆಟ್ ಯಾರ್ಡಿನ ಹಿಂದಿನ ಚಾಳಿನಲ್ಲಿದ್ದೆವು. ನಾವೆಂದರೆ ಅವ್ವ, ನಾನು, ನನ್ನ ತಮ್ಮ ಪ್ರೇಮು. ಅಪ್ಪ ನಾವು ಚಿಕ್ಕವರಿದ್ದಾಗಲೇ ತೀರಿಕೊಂಡಿದ್ದ. ಬಿಜಾಪುರದ ಕಡೆಯ ಹಳ್ಳಿಯಿಂದ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಪುಣೆಗೆ ಬಂದ ಅವ್ವ ಯಾರ್ಡಿನಲ್ಲಿ ಉಳ್ಳಾಗಡ್ಡಿ ಆರಿಸುವ ಕೆಲಸಕ್ಕೆ ಸೇರಿ, ನನ್ನನ್ನು ಓದಿಸಿ, ಕನ್ನಡ ಶಾಲೆಯ ಮಾಸ್ತರಣಿ ಮಾಡಿದ್ದಳು. ಪ್ರೇಮು ಅದೇ ಯಾರ್ಡಿನಲ್ಲಿ ಲಾರಿಗೆ ಮಾಲು ಹೇರುತ್ತಿದ್ದ. ಭಾನುವಾರ ಮಾತ್ರ ಅವನು ಹಮಾಲನಲ್ಲ, ನಮ್ಮ ಕನ್ನಡ ಸಭೆಯ ಢೋಲಕಿಯವನು. ಅವ್ವ ಹಾಡುವವಳು. ಅವಳ ಹೆಸರು ಕರುಣವ್ವ, ಅವಳ ದನಿ ಕೇಳುವುದಕ್ಕೆಂದೇ ಖಡಕಿಯಿಂದ ಎರಡು ಬಸ್ಸು ಬದಲಿಸಿ ಬರುವವರಿದ್ದರು.

ಸಭೆ ಎಂದೆನಲ್ಲ, ನಮಗೆ ಸ್ವಂತದ ಚರ್ಚಿರಲಿಲ್ಲ. ಗಾರೆಯವರು, ಕಾರ್ಖಾನೆಯವರು, ಆಸ್ಪತ್ರೆಯ ಆಯಾಗಳು, ಎಲ್ಲ ಸೇರಿ ಐವತ್ತು ಅರವತ್ತು ಮಂದಿ. ಕ್ಯಾಂಪ್ ಬಡಾವಣೆಯ ಕಡೆಯ ದೊಡ್ಡ ಚರ್ಚಿನವರು ತಮ್ಮ ಪ್ರಾರ್ಥನೆಯ ಹಾಲನ್ನು ನಮಗೆ ಬಿಟ್ಟುಕೊಟ್ಟಿದ್ದರು. ಬೆಳಗಿನ ತಂಪು ಹೊತ್ತು ಇಂಗ್ಲಿಷಿನವರದ್ದು, ಅದಾದ ಮೇಲೆ ಮರಾಠಿಯವರದ್ದು. ಮಧ್ಯಾಹ್ನ ಊರೆಲ್ಲ ಉಂಡು ಮಲಗುವ ವೇಳೆಗೆ ನಮ್ಮ ಆರಾಧನೆ. ಅದೂ ನಿಶ್ಚಿಂತೆಯಿಂದ ಇಲ್ಲ. ನಮ್ಮ ಹಿಂದೆಯೇ ಯುವಕರ ಸಂಘದವರು ಗಿಟಾರು ಹಿಡಿದು ಬಾಗಿಲಲ್ಲಿ ನಿಂತಿರುತ್ತಿದ್ದರು. ಸಮಯವಾದ ಕೂಡಲೇ ಅಲ್ಲಿಯ ಚೌಕೀದಾರ ಹಿತ್ತಾಳೆಯ ಕೈಗಂಟೆ ಅಲ್ಲಾಡಿಸುತ್ತ ಒಳಗೇ ಬಂದುಬಿಡುತ್ತಿದ್ದ. "ಚಲಾ ಚಲಾ, ವೇಳ ಝಾಲೀ!" ನಡೆಯಿರಿ, ಹೊತ್ತಾಯಿತು ಎಂದು.

ನಮ್ಮ ಸಭೆಯ ಹಿರಿಯರು ಸಮುವೇಲಪ್ಪನವರು. ಖಡಕಿಯ ಕಾರ್ಖಾನೆಯಲ್ಲಿ ಸ್ಟೋರಿನ ಕೆಲಸ, ಎಲ್ಲದರಲ್ಲೂ ಶಿಸ್ತು. ಚೌಕೀದಾರನಿಂದ ಹಾಗೆ ಹೊರದಬ್ಬಿಸಿಕೊಳ್ಳುವುದು ಅವರಿಗೆ ಅವಮಾನವಾಗುತ್ತಿತ್ತು. ಅದಕ್ಕೆ ಅವರೇ ಒಂದು ಪದ್ಧತಿ ಮಾಡಿದರು. ಗಂಟೆ ಆದ ಕೂಡಲೇ ಉಪದೇಶ ಇರಲಿ, ಹಾಡು ಇರಲಿ, ಅರ್ಧಕ್ಕೇ ಬಿಟ್ಟು ಎಲ್ಲರೂ ಎದ್ದು, ಕಣ್ಣು ಮುಚ್ಚಿ, ಕರ್ತನ ಪ್ರಾರ್ಥನೆ ಹೇಳಿ ಮುಗಿಸಿಬಿಡುವುದು. "ಯಾರೋ ಹೊರಗ ಹಾಕಿದ್ರು ಅಂತ ಆಗಬಾರದು. ನಾವೇ ಮುಗಿಸಿ ಹೊಂಟೀವಿ ಅಂತ ಆಗಬೇಕು" ಎನ್ನುತ್ತಿದ್ದರು. ಮಾತು ಸರಿಯೇ ಅನ್ನಿಸಿತ್ತು. ವರ್ಷಾನುಗಟ್ಟಲೆ ಹಾಗೇ ಮಾಡಿದೆವು. ಕಡೆಕಡೆಗೆ ಮಡಿಲಲ್ಲಿ ಮಲಗಿದ ಕೂಸುಗಳು ಕೂಡ ಗಂಟೆಯ ಸದ್ದಿಗೆ ಎದ್ದು ಕೂತು ಕೈ ಜೋಡಿಸುತ್ತಿದ್ದವು.

ಆ ವರ್ಷ ಮಳೆಗಾಲದಲ್ಲಿ ಪ್ರೇಮುಗೆ ಕಾಮಣಿಯಾಯಿತು. ಮೊದಮೊದಲು ಊಟ ಸೇರುವುದಿಲ್ಲ ಎಂದ, ಆಮೇಲೆ ಕಣ್ಣು ಹಳದಿಯಾದವು. ಯಾರ್ಡಿನವರು ಹೇಳಿದ ಬೇರು, ಸೊಪ್ಪು ಎಲ್ಲ ಆದ ಮೇಲೆ ಆಸ್ಪತ್ರೆಗೆ ಒಯ್ದೆವು. ಸಮುವೇಲಪ್ಪನವರು ಕೆಲಸಕ್ಕೆ ರಜೆ ಹಾಕಿ ಅಲ್ಲೇ ಬೆಂಚಿನ ಮೇಲೆ ಕಾದರು. ಅವನು ಉಳಿಯಲಿಲ್ಲ. ಇನ್ನೂ ಮೀಸೆ ಸರಿಯಾಗಿ ಕೂಡಿರದ ಹುಡುಗ.

ಹೆಣ ಚಾಳಿಗೆ ಬಂದಾಗ ಜಿಟಿಜಿಟಿ ಮಳೆ. ಅವ್ವ ಮಗನ ತಲೆಯ ಹತ್ತಿರ ಕೂತಳು. ನಮ್ಮ ಕಡೆ ಸತ್ತವರ ಮುಂದೆ ಹೆಣ್ಣುಮಕ್ಕಳು ಹಾಡ್ಯಾಡಿ ಅಳುತ್ತಾರೆ. ಸತ್ತವನ ಹೆಸರು ಹಿಡಿದು, ಅವನ ನಡೆ ನುಡಿ ನೆನೆದು, ಕಟ್ಟಿ ಕಟ್ಟಿ ಹಾಡುತ್ತ ಅಳುವುದು. ಅವ್ವನ ಅವ್ವ ಅದರಲ್ಲಿ ಹೆಸರಾದವಳು. ಊರಲ್ಲಿ ಯಾವ ಜಾತಿಯವರ ಮನೆಯಲ್ಲಿ ಸಾವಾದರೂ ಅವಳನ್ನು ಕರೆಯುತ್ತಿದ್ದರಂತೆ. ಅವ್ವ ಸೆರಗು ಬಾಯಿಂದ ತೆಗೆದು, "ಪ್ರೇಮೂ, ನನ್ನ ಢೋಲಕಿ ಪ್ರೇಮೂ" ಎಂದು ದನಿ ಎತ್ತಿದಳು, ಅಷ್ಟೇ. ಸಮುವೇಲಪ್ಪನವರು ಅವಳ ಎದುರಿಗೆ ಮೊಣಕಾಲೂರಿ ಕೂತರು.

"ಕರುಣವ್ವಾ, ಹಂಗ ಹಾಡ್ಯಾಡಿ ಅಳಬ್ಯಾಡ. ನಾವು ಪುನರುತ್ಥಾನ ನಂಬಿದ ಮಂದಿ. ಅವ ಸತ್ತಿಲ್ಲ, ಕರ್ತನ ಹಂತ್ಯಾಕ ಹೋಗ್ಯಾನ. ನಮ್ಮ ಮಂದ್ಯಾಗ ಅದು ಬ್ಯಾಡ."

ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ ಅವರು, ಅವರ ಕಣ್ಣಲ್ಲೂ ನೀರಿತ್ತು. ಆದರೆ ಅವ್ವ ಬಾಯಿ ಮುಚ್ಚಿದಳು. ಪಾದ್ರಿಗಳಿಗೆ ಇನ್ನೆಲ್ಲೋ ಮದುವೆ ಮಾಡಿಸುವುದಿತ್ತು, ಮಳೆ ಬೇರೆ. ಗಡಿಬಿಡಿಯಲ್ಲಿ ಮಣ್ಣು ಮಾಡಿ ಬಂದೆವು.

ಆಮೇಲೆ ಅವ್ವ ಯಾರ್ಡಿಗೆ ಹೋದಳು, ಬಂದಳು, ರೊಟ್ಟಿ ಬಡಿದಳು. ಅಳಲಿಲ್ಲ. ನನಗೆ ಅದೇ ಹೆದರಿಕೆ ಹತ್ತಿತು. ಪಕ್ಕದ ಮನೆಯ ಮರಾಠಿ ಮಾವಶಿ ಕೂಡ ನನ್ನನ್ನು ಕರೆದು, ಅವ್ವನನ್ನು ಅಳಿಸು, ಇಲ್ಲದಿದ್ದರೆ ಎದೆ ಒಡೆದುಕೊಂಡಾಳು ಎಂದಳು.

ದೀಪಾವಳಿಯ ಹೊತ್ತಿಗೆ ಉತ್ಸವದ ಸುದ್ದಿ ಬಂತು. ಊರಿನ ಎಲ್ಲ ಚರ್ಚುಗಳೂ ಸೇರಿ ಚಳಿಗಾಲದಲ್ಲಿ ಶಾಲೆಯೊಂದರ ದೊಡ್ಡ ಸಭಾಂಗಣದಲ್ಲಿ ನಡೆಸುವ ಕಲೆ ಮತ್ತು ಸಂಗೀತದ ಉತ್ಸವ. ಅಲ್ಲಿಯವರೆಗೆ ನಮ್ಮನ್ನು ಕೇಳುವವರೇ ಇರಲಿಲ್ಲ. ಆ ವರ್ಷ ಯಾರಿಗೆ ಹೊಳೆಯಿತೋ, ಪ್ರತಿ ಭಾಷೆಯವರೂ ತಮ್ಮ ಮಣ್ಣಿನ ಹಾಡು ತರಲಿ ಎಂದರು. ಉತ್ಸವದ ಕಾರ್ಯದರ್ಶಿ ಹೆಣ್ಣುಮಗಳು, ಎಲ್ಲರೂ ಬಾಯಿ ಎನ್ನುತ್ತಿದ್ದವರು, ತಾವೇ ನಮ್ಮ ಹಾಲಿಗೆ ಬಂದು, ಎಲ್ಲರಿಗೂ ಕೈ ಕುಲುಕಿ, ಇಂಗ್ಲಿಷಿನಲ್ಲಿ ಆಹ್ವಾನ ಕೊಟ್ಟು ಹೋದರು. ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಸಮುವೇಲಪ್ಪನವರ ಮುಖ ಅರಳಿತು.

ಅವ್ವನ ಹತ್ತಿರ ಒಂದು ಪದವಿತ್ತು. ಶಿಲುಬೆಯ ಬುಡದಲ್ಲಿ ನಿಂತ ಮರಿಯಮ್ಮ ಮಗನನ್ನು ನೋಡಿ ಹೇಳುವ ಮಾತುಗಳು. ಬೀಸುವ ಕಲ್ಲಿನ ಧಾಟಿ. ಅವ್ವ ತಾನೇ ಕಟ್ಟಿದ್ದು:

ತೊಟ್ಟಿಲ ಕಟ್ಟೀದ ಬಡಗ್ಯಾರ ಮನಿಯೊಳಗ
ಕಟ್ಟೀಗಿ ನಿನಗ ಮುಳುವಾತ, ನನ ಕಂದ
ಹೊತ್ತು ನೀ ಎಲ್ಲಿಗಿ ನಡೆದೀಯೊ

ಹೊರಸಿನ ಮ್ಯಾಲಲ್ಲ, ಹಾಸೀಗಿ ಮ್ಯಾಲಲ್ಲ
ಮರದ ಮ್ಯಾಲ್ಯಾಕ ಮಲಗೀದಿ, ನನ ಕಂದ
ಇಳಿದು ಬಾ ಉಡಿಯು ಬರಿದಾತೊ

ಹೀಗೆ ನಾಲ್ಕು ನುಡಿ. ಅವ್ವ ಒಂದು ಸಾಲು ಹೇಳುವುದು, ನಾವೆಲ್ಲ ಅದನ್ನೇ ತಿರುಗಿ ಹೇಳುವುದು. ಪ್ರೇಮು ಹೋದ ಮೇಲೆ ಅವಳು ಅದನ್ನು ಬಾಯಿಗೇ ತಂದಿರಲಿಲ್ಲ. ಉತ್ಸವಕ್ಕೆ ಅದೇ ಆಗಲಿ ಎಂದು ಸಮುವೇಲಪ್ಪನವರು ಕೇಳಿದಾಗ ಅವಳು ಒಲ್ಲೆನೆನ್ನುತ್ತಾಳೆ ಎಂದುಕೊಂಡಿದ್ದೆ. ಆದರೆ ಅವಳು, "ಆಗಲ್ರಿ. ಕಡೀಕ ಇನ್ನೊಂದು ನುಡಿ ಅದ, ಅದು ನಾ ಒಬ್ಬಾಕಿನೇ ಹೇಳ್ತೀನಿ" ಎಂದಳು.

ಒಂದು ಭಾನುವಾರ ಬೆಳಿಗ್ಗೆ ಉಳ್ಳಾಗಡ್ಡಿಯ ಸಿಪ್ಪೆ ಅಂಟಿದ ಸೀರೆ ಕೊಡವುತ್ತ ಬಾಗಿಲಲ್ಲಿ ನಿಂತಿದ್ದಳು. ಆಗ ಕೇಳಿದೆ.

"ಅವ್ವಾ, ಆ ಕಡೀ ನುಡಿ ಯಾವುದು?"

"ಹೊಸದು. ಪ್ರೇಮುಂದು. ಅವನ ಹೆಸರು ಹಾಕೀನಿ ಅದ್ರಾಗ."

"ನನಗಾರ ಹೇಳು."

"ನಿನಗ ಹೇಳಿದ್ರ ನೀ ಅಳ್ತಿ, ನೀ ಅತ್ರ ನಾ ಅಳ್ತೀನಿ, ಹೇಳೋದು ಹಂಗೇ ಉಳೀತದ. ಅಲ್ಲಿ ಹೇಳ್ತೀನಿ. ಅಷ್ಟು ಮಂದಿ ಮುಂದ ಒಮ್ಮೆ ಹೇಳಿ, ಆಮ್ಯಾಲೆ ಮನಿಗೆ ಬಂದು ಹೊಟ್ಟಿ ತುಂಬ ಅಳ್ತೀನಿ. ಅಲ್ಲಿ ಮರಿಯಮ್ಮನ ಹಾಡಿನ್ಯಾಗ ಯಾರು ಬ್ಯಾಡ ಅಂತಾರ?"

ನನಗೆ ಆಗ ತಿಳಿಯಿತು, ಅವಳು ಹೋಗುತ್ತಿರುವುದು ಉತ್ಸವಕ್ಕಲ್ಲ, ಮಗನ ಮಣ್ಣಿಗೆ. ಆ ದಿನದಿಂದ ಅವ್ವನಿಗೆ ಜೀವ ಬಂದಂತಾಯಿತು. ತಾಲೀಮಿಗೆ ಎಲ್ಲರಿಗಿಂತ ಮೊದಲು ಹೋಗುತ್ತಿದ್ದಳು. ಪ್ರೇಮುನ ಢೋಲಕಿಯನ್ನು ತಾನೇ ಒರೆಸಿ, ಹಗ್ಗ ಬಿಗಿದು, ಬೇರೊಬ್ಬನ ಕೈಗೆ ಕೊಟ್ಟಳು.

ಉತ್ಸವದ ದಿನ ಅವಳು ತನ್ನ ಒಂದೇ ಒಂದು ಇಳಕಲ್ಲು ಸೀರೆ ಉಟ್ಟಿದ್ದಳು. ಸಭಾಂಗಣದ ಪಡಸಾಲೆಯಲ್ಲಿ ಚಿತ್ರಗಳ ಸಾಲು, ನೀಲಿ ಕಣ್ಣಿನ ಕ್ರಿಸ್ತ, ಬಿಳಿ ಕುರಿಮರಿ. ಕಾಲೇಜಿನ ಹುಡುಗಿಯರು ರಂಗೋಲಿಯಲ್ಲಿ ಶಿಲುಬೆ ಬರೆದಿದ್ದರು. ಒಳಗೆ ಉದ್ದನೆಯ ಗೌನು ತೊಟ್ಟವರು ಪಿಯಾನೋ ಜೊತೆ ನಾಲ್ಕು ದನಿಯಲ್ಲಿ ಹಾಡಿದರು, ಕೇರಳದವರು ಬಿಳಿ ಸೀರೆಯಲ್ಲಿ ಸಾಲಾಗಿ ನಿಂತು ಹಾಡಿದರು. ಚೆನ್ನಾಗಿಯೇ ಹಾಡಿದರು, ಸುಳ್ಳೇಕೆ ಹೇಳಲಿ. ನಮ್ಮನ್ನು ಹಿಂದಿನ ಗೋಡೆಯ ಪಕ್ಕ ಕೂರಿಸಿದ್ದರು. ನಮ್ಮ ಸರದಿ ಬರುವ ಹೊತ್ತಿಗೆ ಮುಂದಿನ ಸಾಲಿನ ಅರ್ಧ ಮಂದಿ ಚಹಾಕ್ಕೆ ಎದ್ದಿದ್ದರು.

ನಾವು ಚಪ್ಪಲಿ ಕೆಳಗೆ ಬಿಟ್ಟು, ವೇದಿಕೆ ಹತ್ತಿ, ಜಮಖಾನೆ ಹಾಸಿ ಕೂತೆವು. ಅಲ್ಲಿಯ ಮೈಕುಗಳೆಲ್ಲ ನಿಂತು ಹಾಡುವವರ ಎತ್ತರಕ್ಕೆ. ಅದನ್ನು ಇಳಿಸಬೇಕಲ್ಲ! ಒಬ್ಬ ಬಂದ, ತಿರುಪು ಸಿಗಲಿಲ್ಲ, ಇನ್ನೊಬ್ಬನನ್ನು ಕರೆಯಲು ಹೋದ. ಪ್ರತಿ ತಂಡಕ್ಕೆ ಇಷ್ಟೇ ನಿಮಿಷ ಎಂದು ಗೊತ್ತಿತ್ತು, ಆದರೆ ಆ ಲೆಕ್ಕ ಪರದೆ ಎದ್ದಾಗಿನಿಂದಲೇ ಶುರು ಎಂದು ನಮಗೆ ಯಾರು ಹೇಳಿದ್ದರು? ಮೈಕು ಇಳಿಸಿದ ಮೇಲೆ ಅವ್ವ ಬಲಗೈಯನ್ನು ಕಿವಿಗೆ ಹಚ್ಚಿ ದನಿ ಎತ್ತಿದಳು.

ಚಹಾಕ್ಕೆ ಎದ್ದವರು ಬಾಗಿಲಲ್ಲೇ ನಿಂತರು. ಒಂದು ಪದ ಅರ್ಥವಾಗದಿದ್ದರೂ ಆ ಜನ ಉಸಿರು ಬಿಗಿಹಿಡಿದು ಕೇಳಿದರು. ನಾಲ್ಕನೆಯ ನುಡಿ ಮುಗಿಯಿತು. ನಾವು ಸುಮ್ಮನಾದೆವು, ಢೋಲಕಿ ನಿಂತಿತು. ಅವ್ವ ಸೆರಗು ಸರಿಮಾಡಿಕೊಂಡಳು, ಕಣ್ಣು ಮುಚ್ಚಿದಳು, ಎದೆ ತುಂಬ ಉಸಿರೆಳೆದುಕೊಂಡಳು.

ಆಗ ತೀರ್ಪುಗಾರರು ಗಂಟೆ ಬಾರಿಸಿದರು.

ಸಮಯ ಮುಗಿಯುತ್ತ ಬಂತು, ಬೇಗ ಮುಗಿಸಿ ಎಂಬ ಎಚ್ಚರಿಕೆ ಅಷ್ಟೇ ಅದು. ಇನ್ನೂ ಒಂದು ನಿಮಿಷವಿತ್ತು, ಒಂದು ನುಡಿಗೆ ಧಾರಾಳವಾಗಿ ಸಾಕು. ಆದರೆ ಅದು ಹಿತ್ತಾಳೆಯ ಕೈಗಂಟೆ, ನಮ್ಮ ಚೌಕೀದಾರನ ಗಂಟೆಯದೇ ದನಿ. ಸಮುವೇಲಪ್ಪನವರು ಎದ್ದರು. ಎಲ್ಲರೂ ಎದ್ದೆವು. ಯಾರೂ ವಿಚಾರ ಮಾಡಲಿಲ್ಲ, ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಅಷ್ಟು ಮಂದಿಯೂ ಒಟ್ಟಿಗೆ ಕಣ್ಣು ಮುಚ್ಚಿ ಕರ್ತನ ಪ್ರಾರ್ಥನೆ ಹೇಳತೊಡಗಿದೆವು. ಅವ್ವನೂ ಎದ್ದಿದ್ದಳು. ಎಳೆದುಕೊಂಡ ಆ ಉಸಿರಿನಲ್ಲಿ ಅವಳು ಪ್ರಾರ್ಥನೆ ಹೇಳಿದಳು.

ಕೇಳುಗರಲ್ಲಿ ಮೊದಲು ಯಾರೋ ನಕ್ಕರು. ಆಮೇಲೆ ಯಾರೋ ಎದ್ದು ನಿಂತರು. ಅವರನ್ನು ನೋಡಿ ಇನ್ನೊಬ್ಬರು, ಕಡೆಗೆ ಇಡೀ ಸಭಾಂಗಣವೇ ಎದ್ದು ನಿಂತು ತಲೆ ಬಾಗಿಸಿತು. ಆಮೆನ್ ಎಂದು ಕಣ್ಣು ಬಿಟ್ಟಾಗ ಪರದೆ ಬೀಳುತ್ತಿತ್ತು. ಪರದೆಯ ಆಚೆ ಸಿಡಿಲಿನಂಥ ಚಪ್ಪಾಳೆ.

ನಾನು ಬರಿಗಾಲಲ್ಲೇ ಕಾರ್ಯದರ್ಶಿ ಬಾಯಿಯ ಹತ್ತಿರ ಓಡಿದೆ. ಇನ್ನೂ ಒಂದು ನುಡಿ ಉಳಿದಿದೆ, ಮುಖ್ಯವಾದದ್ದು ಅದೇ, ಒಂದೇ ನಿಮಿಷ ಕೊಡಿ ಎಂದೆ. ಅವರು ನನ್ನ ಎರಡೂ ಕೈ ಹಿಡಿದುಕೊಂಡರು. ಕಣ್ಣು ತುಂಬಿದ್ದವು. ಇದಕ್ಕಿಂತ ಒಳ್ಳೆಯ ಮುಕ್ತಾಯ ಇರುವುದುಂಟೇ, ಅದನ್ನು ಕೆಡಿಸಬೇಡಿ ಎಂದರು. ಅದು ಮುಕ್ತಾಯವಲ್ಲ ಬಾಯಿ, ತಪ್ಪಿ ಆದದ್ದು ಎಂದೆ. "ಎಷ್ಟು ವಿನಯ ನಿಮ್ಮ ಜನರಿಗೆ!" ಎಂದು ನನ್ನ ಕೆನ್ನೆ ತಟ್ಟಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಆ ಕೈ ಇನ್ನೂ ನನ್ನ ಕೆನ್ನೆಯ ಮೇಲೆ ಇದೆ ಎನ್ನಿಸುತ್ತದೆ.

ಬಹುಮಾನದ ಹೊತ್ತಿಗೆ ಮುಖ್ಯ ತೀರ್ಪುಗಾರರು ಭಾಷಣ ಮಾಡಿದರು. ಉಳಿದವರೆಲ್ಲ ಕಲೆಯನ್ನು ತೋರಿಸಿದರು, ಈ ಬಡ ಜನ ಕಲೆಯನ್ನೇ ಅರ್ಧಕ್ಕೆ ಬಿಟ್ಟು ದೇವರನ್ನು ನೆನೆದರು ಎಂದರು. ನಮಗೆ ಭಕ್ತಿಯ ವಿಶೇಷ ಬಹುಮಾನವಂತೆ, ಒಂದು ಶೀಲ್ಡು. ಸಮುವೇಲಪ್ಪನವರು ಅದನ್ನು ಎದೆಗವಚಿಕೊಂಡು ಬಸ್ಸಿನಲ್ಲಿ ಕೂತರು. ನಮ್ಮವರೆಲ್ಲ ಸಂಭ್ರಮದಲ್ಲಿದ್ದರು. ಅವ್ವ ಕಿಟಕಿಯ ಪಕ್ಕ ಕೂತು ಹೊರಗೆ ನೋಡುತ್ತಿದ್ದಳು.

"ಅವ್ವಾ, ಮನಿಗೆ ಹೋದ ಮ್ಯಾಲೆ ಹೇಳ್ತಿಯೇನು? ನಾ ಒಬ್ಬಾಕಿ ಕೇಳ್ತೀನಿ."

"ಗಂಟಿ ಆತಲ್ಲ ಯವ್ವಾ" ಎಂದಳು.

ಮನೆಗೆ ಬಂದು ಒಲೆ ಹೊತ್ತಿಸಿದಳು. ಹೊಟ್ಟೆ ತುಂಬ ಅಳುತ್ತೇನೆ ಎಂದಿದ್ದವಳು ಅವತ್ತೂ ಅಳಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಹಣೆಬರಹ ಎಂದು ಬಿಟ್ಟುಬಿಡುತ್ತಿದ್ದೆ. ಮರುವರ್ಷ ಉತ್ಸವದವರು ತಾವಾಗಿಯೇ ಕರೆ ಕಳಿಸಿದರು. ಅದೇ ಹಾಡು ಬೇಕು. ಹೋದ ಸಲದಂತೆಯೇ ನಡುವೆ ಗಂಟೆ ಬಾರಿಸುತ್ತಾರಂತೆ, ನಾವು ಎದ್ದು ಪ್ರಾರ್ಥನೆ ಹೇಳಬೇಕಂತೆ. ಜನ ಅದನ್ನೇ ಕೇಳುತ್ತಿದ್ದಾರಂತೆ! ಸಮುವೇಲಪ್ಪನವರು ಒಪ್ಪಿಕೊಂಡೂ ಬಂದಿದ್ದರು. ಭಾನುವಾರ ಆರಾಧನೆ ಮುಗಿದ ಮೇಲೆ ಹಾಲಿನ ಹೊರಗೆ ಬೇವಿನ ಮರದ ಕೆಳಗೆ ತಾಲೀಮು. ಅವರೇ ಚಮಚೆಯಿಂದ ಸ್ಟೀಲಿನ ಲೋಟ ಬಾರಿಸುವುದು, ಎಲ್ಲರೂ ಏಳುವುದು. ಒಬ್ಬರು ಮೊದಲು ಒಬ್ಬರು ಆಮೇಲೆ ಎದ್ದರೆ, "ಹಂಗಲ್ಲ, ಹೋದ ಸಲದಂಗ ಒಮ್ಮೆಲೇ ಏಳ್ರಿ" ಎನ್ನುವುದು.

ನನಗೆ ತಡೆಯಲಾಗಲಿಲ್ಲ. "ಗಂಟಿಗೆ ಏಳಾಕ ತಾಲೀಮು ಮಾಡಸ್ತೀರಲ್ರೀ, ನಾಚಿಕಿ ಬರಂಗಿಲ್ಲೇನ್ರಿ?" ಎಂದೆ.

ಅವರಿಗೆ ಸಿಟ್ಟು ಬರಲಿಲ್ಲ. "ಪ್ರಾರ್ಥನಿ ಎಲ್ಲಿ ಮಾಡಿದ್ರೂ ಪ್ರಾರ್ಥನಿನೇ ತಂಗಿ. ಈ ಸಲ ನಮಗ ಮುಂದಿನ ಸಾಲಿನ್ಯಾಗ ಕುರ್ಚಿ ಕೊಡ್ತಾರಂತ" ಎಂದರು. ಆ ಮಾತನ್ನು ಎಷ್ಟು ಆಸೆಯಿಂದ ಹೇಳಿದರೆಂದರೆ ನನಗೆ ಅಯ್ಯೋ ಎನ್ನಿಸಿತು. ಆದರೂ ಬಿಡಲಿಲ್ಲ.

"ಹಂಗಾರ ಗಂಟಿಗಿಂತ ಮೊದಲ ಅವ್ವನ ನುಡಿ ಆಗಲ್ರಿ. ಆಮ್ಯಾಲೆ ಎಷ್ಟು ಬೇಕಾದ್ರೂ ಏಳ್ತೀವಿ."

"ಏನದ ಅದ್ರಾಗ?"

"ಪ್ರೇಮುನ ಹೆಸರದ."

ಅವರು ಲೋಟ ಕೆಳಗಿಟ್ಟರು. "ಅದು ಸತ್ತವರ ಹಾಡಾತು. ಬ್ಯಾಡ. ಕ್ರಿಸ್ತನ ಪದದಾಗ ಅದು ಬ್ಯಾಡ" ಎಂದರು.

ಅವ್ವ ಅಲ್ಲೇ ಕಟ್ಟೆಯ ಮೇಲೆ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಎದ್ದಳು, ಪ್ರೇಮುನ ಢೋಲಕಿಯನ್ನು ಬಗಲಿಗೆ ಹಾಕಿಕೊಂಡು ಬಸ್ ಸ್ಟಾಪಿನ ಕಡೆ ನಡೆದಳು. ಆ ವರ್ಷ ಬೇರೊಬ್ಬಳು ಹಾಡಿದಳಂತೆ, ಗಂಟೆ ಬಾರಿಸಿದರಂತೆ, ಎಲ್ಲರೂ ಎದ್ದರಂತೆ. ನಾವು ಹೋಗಲಿಲ್ಲ. ಆಮೇಲೆ ಅವ್ವ ಸಭೆಯಲ್ಲಿ ಕೂಡ ಹಾಡಲಿಲ್ಲ. ಹಾಡಿನ ಪುಸ್ತಕವನ್ನು ತೆರೆದು ಹಿಡಿದು ಬಾಯಿ ಮುಚ್ಚಿಕೊಂಡು ನಿಲ್ಲುತ್ತಿದ್ದಳು. ಉಳ್ಳಾಗಡ್ಡಿ ಆರಿಸುವಾಗ ಗುನುಗುವುದೂ ನಿಂತಿತೆಂದು ಯಾರ್ಡಿನ ಹೆಂಗಸರು ನನಗೆ ಹೇಳಿದರು.

ನನ್ನ ಮದುವೆಯ ಹಿಂದಿನ ದಿನ ಆ ನುಡಿ ಹೇಳೆಂದು ಕೇಳಿದೆ. ಮಗಳು ಹುಟ್ಟಿದಾಗ, ಕೂಸನ್ನು ಅವಳ ತೊಡೆಯ ಮೇಲೆ ಹಾಕಿ ಮತ್ತೆ ಕೇಳಿದೆ. ಅವ್ವ ಹಾಸಿಗೆ ಹಿಡಿದ ಮೇಲೆ ನಾಚಿಕೆ ಬಿಟ್ಟು ಕಾಲು ಹಿಡಿದು ಬೇಡಿಕೊಂಡೆ. "ಅವ್ವಾ, ಆ ಒಂದು ನುಡಿ ಹೇಳಿಬಿಡು. ನನ್ನ ತಮ್ಮಂದದು, ನನಗೂ ಹಕ್ಕದ." ನನ್ನ ತಲೆ ಸವರಿದಳು. ಸಿಟ್ಟಿನಿಂದಲ್ಲ, ಪಾಠ ಒಪ್ಪಿಸುವವರಂತೆ ಅದನ್ನೇ ಹೇಳಿದಳು, "ಗಂಟಿ ಆತಲ್ಲ ಯವ್ವಾ."

ಆ ದಶಕ ಮುಗಿಯುವ ಮೊದಲೇ ಅವ್ವ ತೀರಿಕೊಂಡಳು. ಅಷ್ಟರಲ್ಲಿ ಸಮುವೇಲಪ್ಪನವರಿಗೆ ಕಣ್ಣು ಮಂಜಾಗಿತ್ತು, ಮಕ್ಕಳು ಕೈ ಹಿಡಿದು ಕರೆತಂದರು. ಅವರು ತಡವರಿಸುತ್ತ ಬಂದು ಅವ್ವನ ಪಾದದ ಹತ್ತಿರ ನಿಂತರು. ಅವರು ನನ್ನ ಭುಜ ಹುಡುಕಿ ಹಿಡಿದರು.

"ತಂಗಿ, ನಾ ಅವತ್ತು ಬ್ಯಾಡ ಅನ್ನಬಾರದಿತ್ತು. ನೀನಾರ ಹಾಡ್ಯಾಡಿ ಅಳು. ಇವತ್ತ ಯಾರೂ ಬ್ಯಾಡ ಅನ್ನಂಗಿಲ್ಲ."

ಎಷ್ಟು ವರ್ಷದ ಮೇಲೆ ಬಂತು ಆ ಅಪ್ಪಣೆ! ನಾನು ಅವ್ವನ ತಲೆಯ ಹತ್ತಿರ ಕೂತೆ. ಸೆರಗು ಬಾಯಿಂದ ತೆಗೆದೆ. ಅವಳ ಹೆಸರು ಹಿಡಿದು ಏನಾದರೂ ಹೇಳಬೇಕು, ಉಳ್ಳಾಗಡ್ಡಿ, ಇಳಕಲ್ಲು ಸೀರೆ, ಢೋಲಕಿ, ಏನಾದರೂ. ಅಜ್ಜಿಗೆ ಬರುತ್ತಿತ್ತು, ಅವ್ವನಿಗೆ ಬರುತ್ತಿತ್ತು. ನನಗೆ ಯಾರೂ ಕಲಿಸಿರಲಿಲ್ಲ. ಒಂದು ಸಾಲೂ ಬರಲಿಲ್ಲ. ಬಾಯಿ ತೆರೆದುಕೊಂಡೇ ಇದ್ದೆ, ಮಂದಿ ಕಾಯುತ್ತಲೇ ಇದ್ದರು.

ಕಡೆಗೆ ಎದ್ದು ನಿಂತು, ಕಣ್ಣು ಮುಚ್ಚಿ, ಕರ್ತನ ಪ್ರಾರ್ಥನೆ ಹೇಳಿದೆ.